ಬಸ್ಸಿಗೆ ಹಾಜರಿ ಹಾಕಿದ ರೈಟರು

ಜುಲೈ ತಿಂಗಳ ನಟ್ಟನಡುವೆ, ಮೂಡಿಗೆರೆಯಲ್ಲಿ ನಾಯಿಯ ಬಾಲದ ತುದಿಯವರೆಗೂ ಕೆಸರು ಹತ್ತಿರುವಾಗ, ಆ ಮನುಷ್ಯನ ಕ್ಯಾನ್ವಾಸ್ ಬೂಟು ಮಾತ್ರ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣ ಉಜ್ಜಿದ ಬಿಳುಪು. ಹಳೆಯ ಬಸ್ಸೊಂದರ ಉಸ್ತುವಾರಿ ಹೊತ್ತವರ ಬೂಟು ಹಾಗಿರಲು ಹೇಗೆ ಸಾಧ್ಯ ಎಂದು ನಾನು ಮೊದಲ ದಿನವೇ ಕೇಳಬೇಕಿತ್ತು. ಕೇಳಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಪಾರಿತೋಷಕ ಹೊತ್ತು ತಂದವಳಿಗೆ ಬೂಟು ನೋಡಿ ವಾದ ಹೂಡುವುದನ್ನು ಯಾರೂ ಕಲಿಸಿರಲಿಲ್ಲ.

ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರನ್ನು ನಮ್ಮ ಕಡೆ ರೈಟರು ಅನ್ನುತ್ತಾರೆ. ಈ ಬಿಳಿ ಬೂಟಿನವರು ಮಲ್ಲಂದೂರಿನ ಹತ್ತಿರದ ತೋಟವೊಂದರಲ್ಲಿ ಮೂವತ್ತು ವರ್ಷ ಅದೊಂದನ್ನೇ ಮಾಡಿ ನಿವೃತ್ತರಾದವರು. ನಮ್ಮಮ್ಮ ಅದೇ ತೋಟದಲ್ಲಿ ಹಣ್ಣು ಕೊಯ್ದವಳು. ರೈಟರ ಮಾತು ಬಂದರೆ ಈಗಲೂ ಕೂತಲ್ಲಿಂದ ಅರ್ಧ ಏಳುತ್ತಾಳೆ. ಜ್ವರ ಬಂದ ದಿನ ಹಾಜರಿ ಕೊಡದಿದ್ದಕ್ಕೆ ಅವಳು ಅವರನ್ನು ಬೈದಿದ್ದು ಉಂಟು, ಆದರೆ ಬೈದದ್ದು ಒಲೆಯ ಮುಂದೆ ಕೂತು.

ಆ ವರ್ಷಗಳಲ್ಲಿ, ಅಂದರೆ ಮೊಬೈಲ್ ಟವರು ಇನ್ನೂ ಮೂಡಿಗೆರೆ ದಾಟಿರದಿದ್ದಾಗ, ಬೆಳೆಗಾರರ ಸಂಘವೊಂದಕ್ಕೆ ಸಮಾಜಸೇವೆಯ ಹುಮ್ಮಸ್ಸು ಬಂತು. ಕಳಸದ ರೂಟಿನಲ್ಲಿ ಓಡಿ ಓಡಿ ಸವೆದ ಬಸ್ಸೊಂದನ್ನು ಕೊಂಡು, ಅರ್ಧ ಸೀಟು ಕಿತ್ತು, ಒಂದು ಮಂಚ, ಎರಡು ಬೀರು, ಕೈ ತೊಳೆಯುವ ಬೇಸಿನ್ನು, ಮೇಲೆ ನೀರಿನ ಟ್ಯಾಂಕು ಕೂರಿಸಿ ಕಣ್ಣಿನ ತಪಾಸಣೆಯ ಬಸ್ಸು ಮಾಡಿದರು. ಪೊರೆ ಬಂದ ಮುದುಕರನ್ನು ತೋಟಗಳಿಂದ ಹುಡುಕಿ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ, ವಾಪಸು ಮನೆಗೆ ಮುಟ್ಟಿಸುವುದು ಅದರ ಕೆಲಸ. ಕಣ್ಣಿಗೆ ಚಾಕು ಹಾಕಿದರೆ ದೇವರು ಮುನಿಯುತ್ತಾನೆ ಅನ್ನುವವರ ಜೊತೆ ವಾದ ಮಾಡುವುದು ನನ್ನ ಕೆಲಸ. ಬಸ್ಸಿನ ಜೊತೆಗೇ ಬಂದ ಹಳೆಯ ಡ್ರೈವರಣ್ಣ ಓಡಿಸುವುದಕ್ಕೆ. ಇವೆಲ್ಲದರ ಮೇಲೆ ರೈಟರು.

ರೈಟರು ಬರುವಾಗ ತೋಟದ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕವೊಂದನ್ನು ತಂದರು. ಎಡಗಡೆ ಆಳುಗಳ ಹೆಸರಿರಬೇಕಾದ ಕಡೆ ಇಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್, ಬ್ಯಾಟರಿ, ಟೈರು, ವೈಪರ್ ಎಂದು ಬರೆದರು. ಬಲಗಡೆ ತಿಂಗಳ ದಿನಗಳು. ಇದ್ದರೆ 'ಒಂದು', ಇಲ್ಲದಿದ್ದರೆ 'ಗೈರು'. ಎರಡು ವೈಪರುಗಳಲ್ಲಿ ಒಂದು ಕೆಟ್ಟು ನಿಂತಿದ್ದರಿಂದ ವೈಪರಿಗೆ ಅವರಿದ್ದ ಎಂಟು ತಿಂಗಳೂ 'ಅರ್ಧ'. ಭಾನುವಾರ ಇಂಜಿನ್ ಆಯಿಲ್‌ಗೆ ರಜೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಅಕ್ಷರ ಮುತ್ತಿನಂತಿತ್ತು.

ಇದನ್ನೆಲ್ಲ ಅವರು ಬೆಳಿಗ್ಗೆ ಏಳೂವರೆಗೆ, ಸಂಘದ ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತ ಬರೆಯುತ್ತಿದ್ದರು. ಬಸ್ಸು ಮೂವತ್ತು ಹೆಜ್ಜೆ ಆಚೆ ನಿಂತಿರುತ್ತಿತ್ತು.

"ನೋಡ್ದೆ ಬರೀತೀರಲ್ಲ ರೈಟ್ರೇ?" ಎಂದು ಒಂದು ದಿನ ಕೇಳಿದೆ.

"ನಿನ್ನೆ ಇತ್ತಲ್ಲ ಇಂಜಿನ್ನು. ರಾತ್ರೋರಾತ್ರಿ ಎಲ್ಲಿಗೆ ಹೋಗ್ತದೆ, ನೆಂಟ್ರ ಮನೆಗಾ?"

"ಹಾಗಾದ್ರೆ ಬರೆಯೋದಾದ್ರೂ ಯಾಕೆ?"

ಅವರು ಲೋಟ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಭಾಷಣದಮ್ಮಾ, ಇದು ಕಾಲೇಜಲ್ಲ. ನಾನು ಬರೆದ್ರೆ ಆಳು ಬಂದ ಹಾಗೆ. ನಾನು ಬರೀಲಿಲ್ವಾ, ದಿನವಿಡೀ ಬೆವರು ಸುರಿಸಿದ್ರೂ ಅವ ಬಂದೇ ಇಲ್ಲ. ಮೂವತ್ತು ವರ್ಷ ತೋಟ ನಡೆದದ್ದೇ ಹೀಗೆ."

ಕೊಚ್ಚಿಕೊಳ್ಳುತ್ತಿದ್ದರು ಎಂದುಕೊಂಡರೆ ತಪ್ಪು. ಅವರು ಅದನ್ನು ನಿಜವಾಗಿ ನಂಬಿದ್ದರು. ನನಗೆ ಹೇಸಿಗೆಯಾದದ್ದು ಅದಕ್ಕೇ. ಸುಳ್ಳನಿಗೆ ಕನಿಷ್ಠ ಸತ್ಯ ಎಲ್ಲಿದೆ ಎಂದು ಗೊತ್ತಿರುತ್ತದೆ.

ಡ್ರೈವರಣ್ಣನಿಗೆ ಬರೆಯಲು ಬರುತ್ತಿದ್ದದ್ದು ಸಹಿ ಮಾತ್ರ. ಆದರೆ ದಿನಾ ಬೆಳಿಗ್ಗೆ ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ಆಯಿಲ್ ನೋಡುವುದು, ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತುವುದು, ಟೈರುಗಳಿಗೆ ಮರದ ಕೊರಡಿನಿಂದ ಬಡಿದು ಸದ್ದು ಕೇಳುವುದು, ಗೋಣಿ ಹಾಸಿಕೊಂಡು ಅಡಿಗೆ ನುಗ್ಗುವುದು ತಪ್ಪುತ್ತಿರಲಿಲ್ಲ. ಒಂದನ್ನು ಬಿಟ್ಟು. ಆ ಬಸ್ಸಿನಲ್ಲಿ ಬ್ರೇಕ್ ಆಯಿಲ್ ಡಬ್ಬಿ ಇದ್ದದ್ದು ಡ್ರೈವರ್ ಸೀಟಿನ ಹಿಂದೆ, ನೆಲದ ಕೆಳಗೆ. ಅದಕ್ಕೊಂದು ಮುಚ್ಚಳವಿತ್ತು. ಬಸ್ಸನ್ನು ಆಸ್ಪತ್ರೆ ಮಾಡುವಾಗ ಬಡಗಿ ಆ ಮುಚ್ಚಳದ ಮೇಲೆಯೇ ಹಸಿರು ಮ್ಯಾಟು ಅಂಟಿಸಿ ಅಂಚಿಗೆ ಹಿತ್ತಾಳೆ ಪಟ್ಟಿ ಹೊಡೆದುಬಿಟ್ಟಿದ್ದ. ಮ್ಯಾಟು ಕತ್ತರಿಸಿಕೊಡಿ ಎಂದು ಡ್ರೈವರಣ್ಣ ಎಷ್ಟು ಸಲ ಕೇಳಿದರೂ ರೈಟರದು ಒಂದೇ ಉತ್ತರ: "ಅಧ್ಯಕ್ಷರು ಬಂದಾಗ ನೆಲದಲ್ಲಿ ತೂತು ಕಾಣ್ಬೇಕಾ? ಬಂಗಲೆ ನೆಲದ ಹಾಗಿದೆ, ಹಾಗೇ ಇರ್ಲಿ."

ಈ ಜಗಳ ನನ್ನ ಕಿವಿಗೆ ಬೀಳುತ್ತಿತ್ತು. ಗಂಡಸರಿಬ್ಬರ ಹಟ ಎಂದುಕೊಂಡು ನಗುತ್ತಿದ್ದೆ. ಮ್ಯಾಟಿನ ಕೆಳಗೆ ಏನಿದೆ ಎಂದು ನಾನೂ ಕೇಳಲಿಲ್ಲ.

ಹದಿನಾಲ್ಕು ಮಂದಿಗೆ ಆಪರೇಷನ್ ಮಾಡಿಸಿಕೊಂಡು ಕಳಸದ ಕಡೆಗೆ ಬಿಡಲು ಹೊರಟ ದಿನ. ಎಲ್ಲರಿಗೂ ಒಂದೊಂದು ಕಣ್ಣಿಗೆ ಪಟ್ಟಿ. ಮೂಡಿಗೆರೆಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಡ್ರೈವರಣ್ಣ ಸೀಟಿನಿಂದ ಇಳಿದು, "ಇಲ್ಲಿಂದ ಮುಂದೆ ನಾನು ತರಲ್ಲ. ಪೆಡಲ್ ಕೆಳಗೆ ಹೋಗ್ತಾ ಇದೆ. ಎರಡು ಸಲ ತುಳಿದ್ರೆ ಹಿಡೀತದೆ. ಮುಚ್ಚಳ ತೆಗ್ದು ನೋಡ್ಲೇಬೇಕು" ಅಂದರು.

ರೈಟರು ಕಂಕುಳಿನಿಂದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಬ್ರೇಕ್ ಆಯಿಲ್, ಒಂದು.

ಆಗ ಬಾಯಿ ಹಾಕಿದವಳು ನಾನು. ಹಿಂದಿನ ತಿಂಗಳಷ್ಟೇ ಅಮಾವಾಸ್ಯೆ ಎಂದು ಡ್ರೈವರಣ್ಣ ಬಸ್ಸು ಹೊರಡಿಸಲು ತಕರಾರು ತೆಗೆದಿದ್ದರು. ಇದೂ ಅದೇ ಜಾತಿಯದು ಎಂದು ನನ್ನ ತೀರ್ಮಾನ.

"ಅಮಾವಾಸ್ಯೆ ದಿನವೂ ಏನೋ ಆಗ್ತದೆ ಅಂದ್ರಿ. ಆಯ್ತಾ?"

"ಇಲ್ಲ."

"ಬೆಳಿಗ್ಗೆಯಿಂದ ಬ್ರೇಕ್ ಹಿಡೀಲಿಲ್ವಾ?"

"ಹಿಡೀತು ಮಾರಾಯ್ತಿ, ಆದ್ರೆ..."

"ಅನ್ನಿಸೋದು ಪುರಾವೆ ಅಲ್ಲ ಡ್ರೈವರಣ್ಣ. ಅವರ ಹತ್ರ ಬರೆದ ದಾಖಲೆ ಇದೆ. ನಿಮ್ಮ ಹತ್ರ ಏನಿದೆ?"

ಅವರು "ನನ್ನ ಹತ್ರ ನನ್ನ ಕಾಲಿದೆ ತಂಗಿ" ಅಂದರು.

ಬಸ್ಸಿನೊಳಗಿದ್ದ ಮುದುಕರೆಲ್ಲ ಒಂದೇ ಕಣ್ಣಲ್ಲಿ ನಕ್ಕರು. ನಾನು ಗೆದ್ದಿದ್ದೆ. ರೈಟರು ನನ್ನ ಕಡೆ ತಿರುಗಿ, "ಸೈ! ಓದಿದ್ದು ಸಾರ್ಥಕ" ಅಂದರು. ಪಾರಿತೋಷಕಗಳನ್ನೆಲ್ಲ ಮರೆತಿದ್ದೇನೆ, ಆ ಹೊಗಳಿಕೆಯನ್ನು ಮರೆಯಲಾಗಿಲ್ಲ. ನಮ್ಮಮ್ಮನ ಜ್ವರದ ದಿನಕ್ಕೆ 'ಗೈರು' ಬರೆದ ಕೈ ನನ್ನ ಬೆನ್ನು ತಟ್ಟಿತು, ನಾನು ತಟ್ಟಿಸಿಕೊಂಡೆ.

ಡ್ರೈವರಣ್ಣ ಮತ್ತೆ ಸೀಟು ಹತ್ತಿದರು. ಕೊಟ್ಟಿಗೆಹಾರ ದಾಟಿ ಕಳಸದ ದಾರಿಗೆ ತಿರುಗಿದ ಮೇಲೆ ಒಂದು ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಗಿ ಕೂತಿತು. ಡ್ರೈವರಣ್ಣ ಎರಡು ಸಲ ತುಳಿದರು, ನಾಲ್ಕು ಸಲ ತುಳಿದರು. ಬಲಕ್ಕೆ ಕಂದರ. ಅವರು ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆ ಗೋಡೆಯಂತೆ ನಿಂತ ಮಣ್ಣಿನ ಧರೆಗೆ ಬಸ್ಸಿನ ಪಕ್ಕೆಯನ್ನು ಒರೆಸಿಕೊಂಡೇ ಹೋದರು. ಕಿಟಕಿಗಳು ಪುಡಿಯಾದವು, ಮೇಲಿನ ಟ್ಯಾಂಕು ಒಡೆದು ನೀರೆಲ್ಲ ನಮ್ಮ ಮೇಲೆ ಸುರಿಯಿತು, ಬೇಸಿನ್ನು ಕಿತ್ತು ಬಂತು. ಬಸ್ಸು ನಿಂತಿತು. ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಒಬ್ಬ ಅಜ್ಜಿ ಕಣ್ಣಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, "ಬಿಚ್ಚಬಾರ್ದು ಅಂದಿದ್ಯಲ್ಲ ಮಗಾ, ಬಿಟ್ಟಿಲ್ಲ ನೋಡು" ಅನ್ನುತ್ತಿದ್ದರು.

ಡ್ರೈವರಣ್ಣ ಬೀರುವಿನಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದು ಮ್ಯಾಟು ಸೀಳಿದರು, ಮುಚ್ಚಳ ಎತ್ತಿದರು, ನನ್ನನ್ನು ಕರೆದು ತೋರಿಸಿದರು. ಡಬ್ಬಿಯ ತಳದಲ್ಲಿ ಒಂದಿಷ್ಟು ಕಪ್ಪು ಗಸಿ.

ರೈಟರೂ ಬಗ್ಗಿ ನೋಡಿದರು. ಆಮೇಲೆ ಒದ್ದೆಯಾದ ಪುಸ್ತಕ ಬಿಡಿಸಿ ಆ ದಿನದ 'ಒಂದು' ಹೊಡೆದುಹಾಕಿ 'ಅರ್ಧ' ಎಂದು ಬರೆದರು.

"ಏನಿದು ರೈಟ್ರೇ?"

"ಮಧ್ಯಾಹ್ನದ ತನಕ ಇತ್ತಲ್ಲ."

ಎಂಟು ದಿನ ಬಿಟ್ಟು ಸಂಘದ ಕೋಣೆಯಲ್ಲಿ ವಿಚಾರಣೆ. ಯಾರ ವಿಚಾರಣೆ ಅಂತೀರಿ, ಡ್ರೈವರಣ್ಣನದು. ಮ್ಯಾಟು ಹರಿದದ್ದು ಒಂದು ಆರೋಪ, ಬಸ್ಸನ್ನು ಧರೆಗೆ ಗುದ್ದಿದ್ದು ಇನ್ನೊಂದು. ಮೇಜಿನ ಮೇಲೆ ಚೆಕ್‌ರೋಲು. ಅಧ್ಯಕ್ಷರು ಪುಟ ಮಗುಚುತ್ತ, "ಎಷ್ಟು ನೀಟಾಗಿದೆ ನೋಡಿ" ಅನ್ನುತ್ತಿದ್ದರು. ಡ್ರೈವರಣ್ಣನ ಕೆಲಸ ಹೋಗುವುದು ಖಚಿತವಾಗಿತ್ತು. ಅವರು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದರು, ಕುರ್ಚಿ ಕೊಟ್ಟಿರಲಿಲ್ಲ.

ನಾನು ಎದ್ದೆ. ಅವತ್ತು ಡ್ರೈವರನ್ನು ಬಲವಂತವಾಗಿ ಹೊರಡಿಸಿದ್ದು ನನ್ನ ಬಾಯಿ ಎಂದು ಮೊದಲು ಹೇಳಿದೆ. ಆಮೇಲೆ, "ಇವತ್ತಿನ ತಾರೀಕಿನದನ್ನು ಓದಿ ಸಾರ್" ಅಂದೆ.

ಅಧ್ಯಕ್ಷರು ಓದಿದರು. ಇಂಜಿನ್ ಆಯಿಲ್ ಒಂದು. ಬ್ರೇಕ್ ಆಯಿಲ್ ಒಂದು. ಟೈರು ಒಂದು.

"ಬಸ್ಸು ಎಲ್ಲಿದೆ ಸಾರ್?"

ಬಸ್ಸು ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ ಕೂತಿತ್ತು. ಚಕ್ರಗಳು ಗೋಡೆಗೆ ಒರಗಿದ್ದವು, ಇಂಜಿನ್ನು ಬಿಚ್ಚಿ ಹರಡಿದ್ದರು. ಅದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ರೈಟರಿಗೆ ನಾಚಿಕೆಯಾಗಿರಬೇಕು ಎಂದು ನೀವು ಅಂದುಕೊಂಡರೆ ನಿಮಗೆ ಅವರು ಇನ್ನೂ ಅರ್ಥವಾಗಿಲ್ಲ. "ಕಾಯಿಲೆ ಬಿದ್ದಾಗ ಹಾಜರಿ ಕೊಡ್ಲಿಲ್ಲ ಅಂತ ಇವರಮ್ಮ ಬೈಕೊಂಡಿದ್ದು ನನ್ನ ಕಿವಿಗೂ ಬಿದ್ದಿದೆ. ಈಗ ಬಸ್ಸಿಗೆ ಕೊಟ್ರೆ ಮಗಳು ತಪ್ಪು ಹಿಡೀತಾಳೆ. ನಾನು ಮಾಡೋದಾದ್ರೂ ಏನು?" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಗದೆ ಇದ್ದವರು ಇಬ್ಬರೇ, ಡ್ರೈವರಣ್ಣ ಮತ್ತು ನಾನು.

ಡ್ರೈವರಣ್ಣನ ಕೆಲಸ ಉಳಿಯಿತು. ರೈಟರನ್ನು ತೆಗೆಯುವ ಧೈರ್ಯ ಸಂಘಕ್ಕೆಲ್ಲಿ? ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಶಿಸ್ತಿನ ಸಿಪಾಯಿ' ಎಂದು ಭಾಷಣ ಮಾಡಿ ಬೀಳ್ಕೊಟ್ಟರು.

ವಿಚಾರಣೆ ಮುಗಿದು ಹೊರಗೆ ಬಂದಾಗ ಡ್ರೈವರಣ್ಣ ಧನ್ಯವಾದ ಹೇಳುತ್ತಾರೆಂದು ಕಾದೆ. "ಅವತ್ತೂ ಚೆನ್ನಾಗೇ ಮಾತಾಡಿದ್ದೆ ತಂಗಿ, ಇವತ್ತೂ ಚೆನ್ನಾಗೇ ಮಾತಾಡ್ದೆ" ಅಂದರು. "ನಾಳೆ ಏಳಕ್ಕೆ ಗ್ಯಾರೇಜಿಗೆ ಬಾ. ಹಳೆ ಬಟ್ಟೆ ಹಾಕ್ಕೊಂಡು ಬಾ."

ಅಂದಿನಿಂದ ಬಸ್ಸಿನಡಿಗೆ ಇಬ್ಬರೂ ನುಗ್ಗುತ್ತಿದ್ದೆವು. ಇದನ್ನು ನಾನು ರೈಟರ ಲೆಕ್ಕಕ್ಕೇ ಹಾಕುತ್ತೇನೆ. ಅವರಷ್ಟು ಅಚ್ಚುಕಟ್ಟಾಗಿ ಯಾರೂ ನನಗೆ ಸುಳ್ಳನ್ನು ತೋರಿಸಿಕೊಟ್ಟಿಲ್ಲ, ಮತ್ತು ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ತೋರಿಸಿದವರೂ ಅವರೇ. ಋಣ ಇದೆ. ಗೌರವ ಇಲ್ಲ.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಸಂಘದವರು ಮಲ್ಲಂದೂರಿಗೆ ಹೋಗಲು ಬಸ್ಸು ಕೇಳಿದರು. ಎಂಟಕ್ಕೆ ಹೊರಡಬೇಕಿತ್ತು. ಅಡಿಯಲ್ಲಿ ಮಲಗಿ ನೋಡುವಾಗ ಹಿಂದಿನ ಎಡಚಕ್ರದ ಒಳಮೈ ಒದ್ದೆಯಾಗಿರುವುದು ಕಂಡಿತು. ಮುಟ್ಟಿ ಮೂಸಿ ನೋಡಿದೆ, ಬ್ರೇಕ್ ಆಯಿಲ್. ಡ್ರೈವರಣ್ಣ ಚಕ್ರ ಬಿಚ್ಚಿ, ವಾಷರು ಬದಲಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು ಮುಗಿಸುವಾಗ ಹತ್ತೂವರೆ. ನಾವು ಮುಟ್ಟಿದಾಗ ಚಿತೆ ಉರಿದು ಅರ್ಧವಾಗಿತ್ತು. ಮುಖ ನೋಡಲಾಗಲಿಲ್ಲ.

ಅಧ್ಯಕ್ಷರು ಸಿಟ್ಟಿನಲ್ಲಿ ಇಳಿದು ಹೋದರು. ರೈಟರ ಮಗ ನನ್ನ ಹತ್ತಿರ ಬಂದು, "ಯಾಕಮ್ಮ ಇಷ್ಟು ತಡ?" ಅಂದ.

"ಬ್ರೇಕ್ ನೋಡ್ತಿದ್ವಿ."

ಅವನು ನನ್ನ ಕೈಯ ಮಸಿ ನೋಡಿದ. "ಅಪ್ಪ ಇದ್ದಿದ್ರೆ ಎಂಟಕ್ಕೆ ಸರಿಯಾಗಿ ಹೊರಡಿಸ್ತಿದ್ರು."

"ಹೌದು," ಅಂದೆ. "ಹೊರಡಿಸ್ತಿದ್ರು."