ನರಸೀಪುರದಾಚೆಯ ಚರ್ಚಿನ ಹಸಿರು ಪಾರಿವಾಳ

ತಿ. ನರಸೀಪುರದ ಬಸ್ಸು ನಂಜನಗೂಡನ್ನು ಎಂಟೂಕಾಲಿಗೆ ಬಿಟ್ಟಿತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ. ದೂರ ಮೂವತ್ತು ಕಿಲೋಮೀಟರಿನ ಆಸುಪಾಸು. ಕೈ ತೋರಿಸಿದವರಿಗೆಲ್ಲ ನಿಲ್ಲಿಸುತ್ತ ಹೋದದ್ದರಿಂದ ಒಂದೂವರೆ ಗಂಟೆ ಹಿಡಿಯಿತು.

ಪಕ್ಕದಲ್ಲಿ ಕವಲಂದೆಯ ಹೆಂಗಸೊಬ್ಬಳು ಕೂತಿದ್ದಳು. “ಒಬ್ಬರೇ ಎಲ್ಲಿಗೋಯ್ತಿದ್ದೀರವ್ವಾ?” ಎಂದಳು.

“ಒಂದು ಚರ್ಚ್ ನೋಡೋಕೆ.”

“ಕ್ರಿಸ್ತಾನ್ರಾ?”

“ಅಲ್ಲ.”

“ಮತ್ತೆ ಅಲ್ಲೇನದೆ?”

“ಹಳೇ ಬಣ್ಣ,” ಎಂದೆ. ಅಲ್ಲಿ ಒಂದು ಹಸಿರು ಪಾರಿವಾಳ ಇದೆಯೋ ಇಲ್ಲವೋ ಎಂದು ನೋಡಲು ಹೊರಟಿದ್ದೆ.

ನನ್ನ ಚಿಕ್ಕಂದಿನಲ್ಲಿ ಆ ಚರ್ಚಿನ ಪಕ್ಕದಲ್ಲಿ ಒಂದು ಕಾನ್ವೆಂಟು ಇತ್ತು. ನಾನೂ ನನ್ನ ತಂಗಿ ಸುಶೀಲೆಯೂ ಅಲ್ಲೇ ಉಳಿದು ಓದುವ ಬೋರ್ಡರ್‌ಗಳು. ನನಗೆ ಒಂಬತ್ತು, ಅವಳಿಗೆ ಆರು. ಭಾನುವಾರ ಹಿಂದಿನ ಬೆಂಚಿನಲ್ಲಿ ನಮ್ಮನ್ನು ಕೂರಿಸುತ್ತಿದ್ದರು. ಒಂದು ದಿನ ಎಲ್ಲರೂ ಮೌನವಾಗಿ ಮಂಡಿಯೂರಿದ್ದಾಗ ಸುಶೀಲೆ ಆಲ್ಟರಿನ, ಅಂದರೆ ಪೂಜೆಯ ಪೀಠದ, ಮೇಲ್ಗಡೆಯಿದ್ದ ಗಾರೆಯ ಪಾರಿವಾಳಕ್ಕೆ ಬೆರಳು ಮಾಡಿ “ಅಕ್ಕಾ, ಗಿಳಿ!” ಎಂದು ಕೂಗಿಬಿಟ್ಟಳು. ಅದೇ ವರ್ಷ ಟೈಫಾಯ್ಡ್‌ನಲ್ಲಿ ಹೋದಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಆ ಕೂಗಿನಲ್ಲಷ್ಟೇ ಅವಳ ದನಿ ನನ್ನ ಬಳಿ ಉಳಿದಿದೆ.

ಕಳೆದ ತಿಂಗಳು ಅಲ್ಲಿನ ಹೊಸ ಫಾದರ್, ಕಾನ್ವೆಂಟಿನ ಹಳೇ ರಿಜಿಸ್ಟರಿನಲ್ಲಿ ನನ್ನ ಹೆಸರು ನೋಡಿ ನಂಬರ್ ಹುಡುಕಿ ಫೋನ್ ಮಾಡಿದರು. ಚರ್ಚಿಗೆ ಪೇಂಟ್ ಆಗುತ್ತಿದೆಯಂತೆ. ಮೊದಲು ಯಾವ ಬಣ್ಣವಿತ್ತು ಎಂದು ಬಲ್ಲವರು ಬೇಕಂತೆ. “ಕಂಬಗಳು ಚಿನ್ನ, ಪಾರಿವಾಳ ಹಸಿರು,” ಎಂದೆ. ಅವರು, “ಮೇಡಂ, ಪವಿತ್ರಾತ್ಮರ ಗುರುತಿನ ಪಾರಿವಾಳ ಯಾವಾಗಲೂ ಬಿಳೀನೇ ಅಲ್ವಾ?” ಎಂದರು. ಅಂದಿನಿಂದ ನಿದ್ದೆ ಸರಿಯಿಲ್ಲ. ಪಾರಿವಾಳ ಬಿಳಿಯಾಗಿದ್ದರೆ ಮಗು ಗಿಳಿ ಅಂತ ಯಾಕೆ ಕೂಗುತ್ತದೆ?

ನರಸೀಪುರದಲ್ಲಿ ಎರಡು ಇಡ್ಲಿ ತಿಂದು, ಕಾಫಿ ಕುಡಿದು ಆಟೋ ಹಿಡಿದೆ. ಕಾವೇರಿಯ ಪಕ್ಕದ ಗದ್ದೆಗಳ ನಡುವೆ ಆರು ಕಿಲೋಮೀಟರು. ಚರ್ಚು ನಾನಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

ಅದರದು ಬರೋಕ್ ಶೈಲಿ, ನಾಲ್ಕು ನೂರು ವರ್ಷಗಳ ಹಿಂದೆ ರೋಮಿನಲ್ಲಿ ಶುರುವಾದದ್ದು. ನೇರ ಗೆರೆ ಕಂಡರೆ ಅದಕ್ಕೆ ಆಗದು. ಗೋಡೆ ಬಳುಕುತ್ತದೆ, ಕಂಬ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಇದನ್ನೆಲ್ಲ ನಮಗೆ ಸಿಸ್ಟರ್ ಒಂದು ದಪ್ಪ ಆರ್ಟ್ ಬುಕ್ ಬಿಡಿಸಿ ತೋರಿಸಿದ್ದರು. ಈ ಚರ್ಚನ್ನು ಕಟ್ಟಿಸಿದ ವಿದೇಶಿ ಪಾದ್ರಿ ಕಾಗದದ ಮೇಲೆ ಒಂದು ಡ್ರಾಯಿಂಗ್ ಬರೆದುಕೊಟ್ಟರಂತೆ. ಕಟ್ಟಿದವರು ದೇವಸ್ಥಾನದ ಗೋಪುರಗಳಿಗೆ ಗೊಂಬೆ ಮಾಡುವ ಗಾರೆಯವರು. ಹಾಗಾಗಿ ಮುಂಭಾಗದ ಎರಡು ದೊಡ್ಡ ಸುರುಳಿಗಳು ರೋಮಿನವೇ, ಏಂಜೆಲ್‌ಗಳ ಕೈಯಲ್ಲಿ ಮಾತ್ರ ಬಳೆ, ಕಾಲಲ್ಲಿ ಗೆಜ್ಜೆ. ಕಟ್ಟಿದ ವರ್ಷವನ್ನು ಓದೋಣವೆಂದರೆ ಬಾಗಿಲ ಮೇಲಿನ ಅಂಕಿ ಸವೆದುಹೋಗಿದೆ.

ಒಳಗೆ ಫಾದರ್ ಜೊತೆ ನನ್ನಷ್ಟೇ ವಯಸ್ಸಿನ ಮೇರಿಯಮ್ಮ ಇದ್ದಳು. ಹುಟ್ಟಿದಾಗಿನಿಂದ ಇದೇ ಊರು. ಚರ್ಚು ಗುಡಿಸುವವಳು ಅವಳೇ.

“ನಂಜನಗೂಡಿನ ಇನಿಸ್ಪೆಟ್ರ ಮಗಳಲ್ವಾ ನೀನು? ಹಿಂದ್ಗಡೆ ಬೆಂಚಲ್ಲಿ ತೂಕಡಿಸ್ತಿದ್ದೆ. ಈಗ ಬಣ್ಣ ಹೇಳಾಕೆ ಬಂದವ್ಳೆ!”

“ಹಸಿರಿತ್ತು, ಮೇರಿಯಮ್ಮ. ಐ ಯಾಮ್ ಶ್ಯೂರ್.”

“ಬಿಳೀದು ಕಣವ್ವಾ. ದಿನಾ ಧೂಳು ಒರೆಸೋಳು ನಾನು!”

ಪೇಂಟರ್ ನಿಂಗರಾಜು ಏಣಿಯ ಮೇಲಿಂದ ನಕ್ಕ. “ಜಗಳ ಯಾಕೆ, ಕೆರೆದ್ರೆ ಗೊತ್ತಾಯ್ತದೆ.” ಮೊದಲು ತಿರುಚಿದ ಕಂಬವನ್ನು ಕೆರೆದ. ಸುಣ್ಣದಡಿಯಲ್ಲಿ ಬರೀ ಕಾವಿ ಬಣ್ಣ. ಚಿನ್ನದ ಒಂದು ಚೂರೂ ಇಲ್ಲ. ಆ ಚಿನ್ನ ಸಿಸ್ಟರ್ ತೋರಿಸಿದ ಪುಸ್ತಕದ ಚಿತ್ರದ್ದೇ ಇರಬೇಕು. ಹಾಗಾದರೆ ಗಿಳಿ?

ನಿಂಗರಾಜು ಮೇಲಕ್ಕೆ ಹತ್ತಿ ಪಾರಿವಾಳದ ರೆಕ್ಕೆಯನ್ನು ಉಜ್ಜಿದ. ಬಿಳಿ ಉದುರಿತು. “ಅಸ್ರು ಅದೆ ಫಾದರ್!” ಎಂದು ಕೂಗಿದ. “ಮೂತೀನೂ ನೋಡಿ, ಗಿಳಿ ಕೊಕ್ಕಿನಂಗೆ ಬಗ್ಗಿ ಅದೆ. ಗೋಪುರದವ್ರ ಕೈ, ಗಿಳಿ ಮಾಡಿ ಮಾಡಿ ಪಾರಿವಾಳಕ್ಕೂ ಅದೇ ಮೂತಿ ಮಡಗವ್ರೆ. ಬಣ್ಣದೋನು ಮೂತಿ ನೋಡಿ ಅಸ್ರು ಬಳ್ದವ್ನೆ.”

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಮೇರಿಯಮ್ಮ ಕತ್ತೆತ್ತಿ ನೋಡುತ್ತ ನಿಂತಳು. ಮೆಲ್ಲಗೆ ಅವಳ ಮುಖ ಬದಲಾಯಿತು.

“ಅಯ್ಯೋ, ಹೌದಲ್ಲವ್ವಾ! ಪೂಜೆ ಮಧ್ಯದಲ್ಲಿ ಗಿಳಿ ಗಿಳಿ ಅಂತ ಕೂಗಿ, ಸಿಸ್ಟರ್ ಕೈಲಿ ಕಿವಿ ಹಿಂಡಿಸ್ಕೊಂಡ್ಯಲ್ಲ, ನೀನೇ ಅಲ್ವಾ ಅದು?”

“ಅಲ್ಲ. ನನ್ನ ತಂಗಿ.”

“ತಂಗಿ ಇದ್ಲಾ ನಿಂಗೆ?”

“ಇದ್ದಳು. ಸುಶೀಲ. ಚಿಕ್ಕವಳು, ಎರಡು ಜಡೆ.”

ಮೇರಿಯಮ್ಮ ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದಳು. ಬೇಕೆಂದೇ ಸುಳ್ಳು ಹೇಳುವವಳಲ್ಲ. “ನಂಗೆ ನೀನೇ ಕಾಣ್ತೀಯ ಕಣವ್ವಾ,” ಎಂದಳು. “ಕಿವಿ ಕೆಂಪಗೆ ಮಾಡ್ಕೊಂಡು ಕಂಬದ ಹಿಂದೆ ಅಳ್ತಾ ನಿಂತಿದ್ದೆ.”

ಕಿವಿ ಹಿಂಡಿದ್ದು ನನಗೆ ನೆನಪೇ ಇಲ್ಲ. ಅತ್ತದ್ದು, ಯಾಕೋ, ನೆನಪಿದೆ.

ಫಾದರ್ ಬಂದು, “ಹಾಗಾದರೆ ಹಸಿರೇ ಮಾಡಿಸೋಣವಾ ಮೇಡಂ?” ಎಂದು ಕೇಳಿದರು. ಆಗಲಿ ಎಂದೆ. ಮೇರಿಯಮ್ಮ ಅನ್ನ, ಹುರುಳಿ ಸಾರು ಬಡಿಸಿದಳು. ಚೆನ್ನಾಗಿತ್ತು. ಊಟದುದ್ದಕ್ಕೂ ‘ಗಿಳಿ’ ಎಂಬ ಆ ಎರಡು ಅಕ್ಷರಗಳನ್ನು ಸುಶೀಲೆಯ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಒಮ್ಮೆ ಅವಳದು ಅನ್ನಿಸಿತು, ಒಮ್ಮೆ ನನ್ನದೇ.

ಎರಡು ಗಂಟೆಗೆ ಆಟೋ ಬಂತು. ಗೇಟಿನ ಬಳಿ ತಿರುಗಿ ನೋಡಿದೆ. ರೆಕ್ಕೆಯ ಮೇಲೆ ನಿಂಗರಾಜು ಕೆರೆದಿದ್ದು ಎಂಟಾಣೆ ನಾಣ್ಯದಗಲದಷ್ಟು, ಅದೂ ಒಳಗಿನ ಕತ್ತಲಲ್ಲಿ. ಅಷ್ಟು ದೂರದಿಂದ ಕಾಣುವುದು ಸಾಧ್ಯವೇ ಇಲ್ಲ. ನನಗೆ ಕಂಡಿತು.