ಮರಿಸ್ವಾಮಿಯವರ ಹತ್ತು ವಾಕ್ಯಗಳು

ಹಸುವಿನ ಕುತ್ತಿಗೆಗೆ ಸೂಜಿ ಇಳಿಸುವ ಹೊತ್ತಿಗೆ ಸರಿಯಾಗಿ ಕಾಂಪೌಂಡರ್ ಮರಿಸ್ವಾಮಿಯವರು ಅದರ ಒಡೆಯನ ಕಡೆ ತಿರುಗಿ, "'ಹುಲಿ ಹಸುವನ್ನು ಹಿಡಿಯಿತು.' ಇದ್ನ ನಿಮ್ಮ ಮನೆಮಾತಲ್ಲಿ ಹೇಳಿ ನೋಡಾನ" ಎನ್ನುತ್ತಿದ್ದರು. ಹಸು ಒದೆಯುತ್ತಿದ್ದರೂ ಉತ್ತರ ಬರುವವರೆಗೆ ಕದಲುತ್ತಿರಲಿಲ್ಲ. ವೀರನಹೊಸಹಳ್ಳಿಯಲ್ಲೊಮ್ಮೆ ಬೇಲಿಯಾಚೆಯಿದ್ದ ನಾಲ್ವರು ಇದನ್ನು ಕೇಳಿ ದೊಣ್ಣೆ ಹಿಡಿದು ಓಡಿಬಂದರು.

"ಎಲ್ಲಿ, ಎಲ್ಲೈತೆ ಹುಲಿ?"

"ನೋಟ್‌ಬುಕ್ಕಲ್ಲೈತೆ ಕಣ್ರಪ್ಪ. ದೊಣ್ಣೆ ಕೆಳಗಿಡಿ, ಬಂದದ್ದೇ ಬಂದ್ರಿ, ನೀವೂ ಒಂದೊಂದ್ಸಲ ಹೇಳ್ಬುಡಿ" ಎಂದರು ಮರಿಸ್ವಾಮಿ.

ನಾನು ಹುಣಸೂರಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮರಿಸ್ವಾಮಿಯವರು ನಮ್ಮ ಬೀದಿಯವರೇ. ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೂ ಲಸಿಕೆ ಹಾಕಲು ಅವರನ್ನು ಕರೆಯುತ್ತಿದ್ದರು. ಒಂದು ಬೆಳಗ್ಗೆ, ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ, ವಾರಪತ್ರಿಕೆಯ ಹಾಳೆಯೊಂದನ್ನು ಹಿಡಿದು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಅದರಲ್ಲಿ ಬರೆದಿದ್ದ ಪ್ರಕಾರ, ಲೋಕದ ಭಾಷೆಗಳನ್ನು ಎಣಿಸಿ ನೋಡಿದರೆ ವಾಕ್ಯ ಕಟ್ಟುವ ಕ್ರಮ ಮನಬಂದಂತೆ ಹರಡಿಕೊಂಡಿಲ್ಲವಂತೆ. ಮಾಡಿದವನನ್ನು ಮೊದಲು ಹೇಳುವ ಭಾಷೆಗಳೇ ಬಹುಪಾಲು. ಕೆಲಸವನ್ನು ಮೊದಲು ಹೇಳುವವು ಕಡಿಮೆ. ಹಿಡಿಸಿಕೊಂಡ ಹಸುವನ್ನೇ ಮೊದಲಿಗೆ ತರುವವು ಬಲು ವಿರಳ.

"ಮೇಷ್ಟ್ರೇ, ನಮ್ಮ ನಾಕು ತಾಲ್ಲೂಕಲ್ಲಿ ಏನಿಲ್ಲ ಹೇಳಿ? ಕನ್ನಡ, ಉರ್ದು, ಮಲಯಾಳ, ಕೊಡವ, ಪಿರಿಯಾಪಟ್ಟಣದ ತಾವ ಟಿಬೆಟ್‌ನೋರು, ಕಾಡಂಚಿನ ಹಾಡಿಯೋರು. ಎಣಿಸಾನ ಕಣ್ರೀ. ಎಲ್ಲೋ ಒಂದು ಉಲ್ಟಾ ಸಿಕ್ಕೇ ಸಿಗ್ತದೆ."

ಕೇಳುವ ಕ್ರಮ ಹಾಕಿಕೊಟ್ಟವನು ನಾನು. ಕನ್ನಡದಲ್ಲಿ ಹತ್ತು ವಾಕ್ಯ ಬರೆದೆ. ಎಲ್ಲರಿಗೂ ಅವೇ ಹತ್ತು, ಅದೇ ಸಾಲಿನಲ್ಲಿ. ಹತ್ತರ ಆಚೆಗೆ ಒಂದಕ್ಷರವನ್ನೂ ಬರೆಯಕೂಡದು. ಪ್ರಶ್ನೆ ಬದಲಾದರೆ ಲೆಕ್ಕ ಕೂಡುವುದಿಲ್ಲ ಎಂದೆ. ನೋಟ್‌ಬುಕ್ಕುಗಳಿಗೆ ನಾನೇ ಸ್ಕೇಲ್ ಇಟ್ಟು ಗೆರೆ ಹಾಕಿಕೊಟ್ಟೆ. ಅವರು ನನ್ನ ಮಾತನ್ನು ಡಾಕ್ಟರರ ಚೀಟಿಯಂತೆ ಪಾಲಿಸಿದರು. ಭೇರ್ಯದಿಂದ ಅಂತರಸಂತೆಯವರೆಗೆ ಒಂಬತ್ತು ವರ್ಷ ತಿರುಗಿದರು. ಎಲ್ಲಿ ಕೇಳಿದರೂ ಮೊದಲು ಹುಲಿ, ಆಮೇಲೆ ಹಸು, ಕೊನೆಗೆ ಹಿಡಿದದ್ದು. "ಥತ್, ಇವ್ನೂ ಅಂಗೇ ಅಂದ ಕಣ್ರೀ!" ಎಂದು ಸಂಜೆ ಬಂದು ನೋಟ್‌ಬುಕ್ ಮೇಜಿನ ಮೇಲೆ ಹಾಕುತ್ತಿದ್ದರು. ಮರುದಿನ ಮತ್ತೆ ಹೊರಡುತ್ತಿದ್ದರು.

ಅಂತರಸಂತೆಯ ಆಚೆಯ ಗಿರಿಜನರ ಹಾಡಿಯೊಂದರಲ್ಲಿ ಕಾಳಿ ಎಂಬ ಅಜ್ಜಿಯಿದ್ದಳು. ಅಲ್ಲಿನ ಹಳೆಯ ಮಾತನ್ನು ತಡವರಿಸದೆ ಆಡುತ್ತಿದ್ದವಳು ಅವಳೊಬ್ಬಳೇ. ಮಕ್ಕಳು ಮೊಮ್ಮಕ್ಕಳೆಲ್ಲ ಅವಳಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಹತ್ತು ವಾಕ್ಯಗಳನ್ನು ಅವಳು ತರಗತಿಯಲ್ಲಿ ಎದ್ದು ನಿಂತವಳಂತೆ ಒಪ್ಪಿಸಿದಳು. ಮುಗಿದದ್ದೇ ತಡ, ಹಿಂದಿನ ದಿನ ಹಲಸಿನ ಮರಕ್ಕೆ ಬಂದಿದ್ದ ಆನೆಯ ಕಥೆಯನ್ನು ತನ್ನ ಮಾತಿನಲ್ಲಿ ಶುರುಮಾಡಿದಳು. ಕೈಯೆತ್ತಿ, ಸೊಂಡಿಲು ಬೀಸಿ, ಮಗ ಓಡಿದ್ದನ್ನು ಅಣಕಿಸಿ ತೋರಿಸಿದಳು. ಹಾಡಿಗೆ ಹಾಡಿಯೇ ಬಿದ್ದು ಬಿದ್ದು ನಕ್ಕಿತು. ಮರಿಸ್ವಾಮಿಯವರ ಪೆನ್ನು ಹಾಳೆಗೆ ಇಳಿದಿತ್ತು.

ನಾನು ಗಡಿಯಾರ ನೋಡಿ, "ಹತ್ತು ಮುಗಿಯಿತಲ್ಲ, ಬಸ್ಸಿಗೆ ಹೊತ್ತಾಯಿತು" ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು.

ಅದಾಗಿ ಎರಡು ವರ್ಷಗಳ ನಂತರ, ಆ ನೋಟ್‌ಬುಕ್ಕುಗಳ ಸುದ್ದಿ ತಿಳಿದು, ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಬಂದರು. ಒಳ್ಳೆಯ ಹೆಣ್ಣುಮಗಳು. ಕಾಫಿ ಆರಿಹೋಗುವವರೆಗೆ ಓದಿ, ಮೆಲ್ಲಗೆ ಹೇಳಿದರು: "ಸರ್, ನೀವು ಕನ್ನಡದಲ್ಲಿ ಕೇಳಿದ್ದೀರಿ. ಅವರು ನಿಮ್ಮ ವಾಕ್ಯದ ಹಿಂದೆಯೇ ಹೆಜ್ಜೆ ಇಟ್ಟು ಉತ್ತರ ಕೊಟ್ಟಿದ್ದಾರೆ. ಇದರಲ್ಲಿ ಅವರ ಕ್ರಮ ಎಷ್ಟು, ನಿಮ್ಮದೆಷ್ಟು ಅಂತ ಬೇರೆ ಮಾಡೋಕಾಗಲ್ಲ. ಅವರು ತಾವಾಗಿಯೇ ಆಡಿದ ಮಾತು ಎಲ್ಲಾದರೂ ಬರೆದಿದ್ದೀರಾ?"

ಇಪ್ಪತ್ತೊಂಬತ್ತು ನೋಟ್‌ಬುಕ್ಕುಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ನಾನೂ ಮರಿಸ್ವಾಮಿಯವರೂ ಕಾಳಿಯ ಹಾಡಿಗೆ ಹೋದೆವು. ಮಾತನ್ನು ಹಿಡಿದಿಡಲು ನನ್ನ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡಿದ್ದೆ. ಕಾಳಿ ಅಜ್ಜಿ ಗೋಡೆಗೊರಗಿ ಕುಳಿತಿದ್ದಳು. ತಿಂಗಳ ಹಿಂದೆ ಲಕ್ವ ಹೊಡೆದು ಮಾತು ನಿಂತುಹೋಗಿದೆ ಎಂದು ಸೊಸೆ ಹೇಳಿದಳು. ಅಜ್ಜಿ ಮರಿಸ್ವಾಮಿಯವರ ಗುರುತು ಹಿಡಿದಳು. ಬಾಯಿ ತೆರೆದಳು, ಮುಚ್ಚಿದಳು. ಮಳೆಗಾಲಕ್ಕೆ ಮೊದಲೇ ತೀರಿಕೊಂಡಳು.

ಅಂದು ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಏನೋ ಹೇಳಲು ಹೊರಟೆ. ಅವರೇ ತಡೆದರು. "ನಿಮ್ಮದೇನು ತಪ್ಪು ಬುಡಿ ಮೇಷ್ಟ್ರೇ. ನಂಗೂ ಎರಡು ಕಿವಿ ಇದ್ವಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಅವರು ಸೂಜಿ ಮುಟ್ಟಲಿಲ್ಲ. ಸಂತೆಯ ದಿನ ಅಂತರಸಂತೆಗೆ ಹೋಗಿ, ಒಂದು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಜನರ ಮಾತಿಗೆ ಕಿವಿಗೊಟ್ಟು ಕೂರುತ್ತಿದ್ದರು. ಕೊನೆಯ ಸಲ ನಾನು ಅವರನ್ನು ನೋಡಿದ್ದೂ ಅಲ್ಲಿಯೇ. ಕಾಳಿಯ ಮೊಮ್ಮಗಳು ಸೊಪ್ಪು ಮಾರುತ್ತಿರುವುದು ಕಂಡಿತು. ಮರಿಸ್ವಾಮಿ ಅವಳನ್ನು ಕರೆದು ಕೇಳಿದರು: "ನಿಮ್ಮಜ್ಜಿ ಮಾತಲ್ಲಿ ಏನಾದ್ರೂ ಹೇಳವ್ವ. ನಿಂಗೆ ಏನು ತೋಚ್ತದೋ ಅದು."

ಅವಳು ನಾಚಿಕೊಂಡಳು. "ಅಷ್ಟು ಬರಾಕಿಲ್ಲ ಕಣ್ ಸ್ವಾಮಿ. ಅಜ್ಜಿ ಆಡಿದ್ರೆ ತಿಳೀತಿತ್ತು. ಆಡಾಕೆ ಬರಾಕಿಲ್ಲ."

ಅವರು ನೋಟ್‌ಬುಕ್ ತೆರೆದು, ಕಾಳಿ ಒಪ್ಪಿಸಿದ್ದ ಹತ್ತು ವಾಕ್ಯಗಳನ್ನು ಒಂದೊಂದಾಗಿ ಓದಿ ಹೇಳಿದರು. ಹುಡುಗಿ ಬುಟ್ಟಿ ಕೆಳಗಿಟ್ಟು ಪೂರ್ತಿ ಕೇಳಿದಳು. ಮಾತುಗಳೇನೋ ಅವಳಿಗೆ ಗುರುತು ಸಿಕ್ಕಂತೆ ಕಂಡಿತು. ಆಮೇಲೆ ಅಜ್ಜಿಯನ್ನು ನೆನೆಸಿಕೊಂಡಳೋ ಏನೋ, ಇಲ್ಲವೆಂದು ತಲೆಯಾಡಿಸಿದಳು.

"ನಮ್ಮಜ್ಜಿ ಇಂಗೆ ಮಾತಾಡ್ತಿರ್ಲಿಲ್ಲ ಸ್ವಾಮಿ."

"ಮತ್ತೆ ಎಂಗೆ ಆಡ್ತಿದ್ಲವ್ವ?"

ಹುಡುಗಿ ಅಜ್ಜಿಯಂತೆ ಕೈಯೆತ್ತಿದಳು, ಇಳಿಸಿದಳು. ಗಿರಾಕಿ ಕರೆದಾಗ ಬುಟ್ಟಿ ಎತ್ತಿಕೊಂಡು ಹೋದಳು. ಎರಡು ವಾರದ ನಂತರ ಮರಿಸ್ವಾಮಿ ತೀರಿಕೊಂಡರು.