ದಕ್ಷಿಣಕ್ಕೆ ಆಕಾಶವಿಲ್ಲದ ಮನೆಯ ಟಿವಿ

ಗಾಳಿ ಎದ್ದ ದಿನ ನಾನು ಕೂತಲ್ಲಿ ಕೂರುವುದಿಲ್ಲ. ಹಿತ್ತಲಿಗೆ ಹೋಗಿ ಕಂಬ ನೋಡುತ್ತೇನೆ, ಒಳಗೆ ಬಂದು ಟಿವಿ ನೋಡುತ್ತೇನೆ, ಮತ್ತೆ ಕಂಬ. ಕಂಬದಿಂದ ನಮ್ಮ ಸೂರಿಗೆ ಬರುವ ಕೇಬಲ್ಲು ಉಯ್ಯಾಲೆಯಾಡುತ್ತಿರುತ್ತದೆ. "ಮುಳ್ಳಿನ ಮೇಲೆ ಕೂತೋನಂಗೆ ಆಡ್ತೀಯಲ್ಲ, ಸುಮ್ಕೆ ಇರ್ಲಾ" ಎಂದು ಅಜ್ಜಿ ಮಂಚದಿಂದ ಗದರುತ್ತಾಳೆ. ಗದರುವಾಗಲೂ ಅವಳ ಕಣ್ಣು ಟಿವಿಯ ಮೇಲೆಯೇ.

ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಜ್ಜಿ ಹೊಸಿಲು ದಾಟಿಲ್ಲ. ಅಪ್ಪ ನಮ್ಮ ತುಂಡು ಹೊಲದ ಬೆಳೆಯ ಜೊತೆಗೆ ಊಟಿ ಬಳಿಯ ಮಂಜೂರಿನ ಸುತ್ತಲಿನ ಕ್ಯಾರೆಟ್ಟು, ಬೀಟ್ರೂಟನ್ನೂ ಪಿಕಪ್ ಗಾಡಿಗೆ ತುಂಬಿಕೊಂಡು ಘಾಟಿಯಲ್ಲಿ ಮೇಟುಪಾಳ್ಯದ ಮಂಡಿಗೆ ಇಳಿಯುವವರು. ನಮ್ಮ ಮನೆಗೆ ಫೋನಿನ ಸಿಗ್ನಲ್ ಹತ್ತುವುದಿಲ್ಲ. ಹಾಗಾಗಿ ಮಗ ದಾರಿಯಲ್ಲಿ ಹೇಗಿದ್ದಾನೆ ಎಂದು ತಿಳಿಯಲು ಅಜ್ಜಿಗಿರುವುದು ಟಿವಿಯ ಜಿಲ್ಲಾ ಸುದ್ದಿ ಒಂದೇ. ಅವಳಿಗೆ ತಮಿಳು ಓದಲು ಬಾರದು. ಚಿತ್ರ ನೋಡಿಯೇ ತೀರ್ಮಾನಿಸುತ್ತಾಳೆ. ಕುಸಿದ ಕೆಂಪು ಮಣ್ಣು, ಜೆಸಿಬಿ, ಕೊಡೆ ಹಿಡಿದ ಪೊಲೀಸ್ ಕಂಡರೆ ಮಗ ಬರುವವರೆಗೆ ಊಟವಿಲ್ಲ. ಕಾಣದಿದ್ದರೆ ಎರಡು ಮುದ್ದೆ.

ಆ ಟಿವಿ ಸರಕಾರ ಮನೆಮನೆಗೆ ಪುಕ್ಕಟೆ ಹಂಚಿದ ಕಾಲದ್ದು. ಆಗ ನಾನು ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದೆ. ಹಿಂದೆ ಗೂನು ಇರುವ, ಬೆಚ್ಚಗಾಗಲು ಹೊತ್ತು ಹಿಡಿಯುವ ಪೆಟ್ಟಿಗೆ. ನನಗಿಂತ ಚೆನ್ನಾಗಿ ಬಾಳಿದೆ. ಅದಕ್ಕೆ ಬರುವ ಕೇಬಲ್ಲೂ ಸರಕಾರದ ಸಬ್ಸಿಡಿಯದ್ದು. ಆ ಅಗ್ಗದ ಪ್ಯಾಕೇಜಿನಲ್ಲಿ ಕನ್ನಡ ಚಾನೆಲ್ ಇಲ್ಲ. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದ ಅಜ್ಜಿಯ ತಮಿಳು ತರಕಾರಿ ಮಾರುವಷ್ಟಕ್ಕೇ ನಿಂತಿದೆ. ಅಳುವ ತಮಿಳು, ಶಪಿಸುವ ತಮಿಳು ಅವಳಿಗೆ ಹತ್ತಲಿಲ್ಲ. ಆದ್ದರಿಂದ ಸಂಜೆಯ ಧಾರಾವಾಹಿಗೆ ಕನ್ನಡದ ದನಿ ಕೊಡುವುದು ನನ್ನ ಕೆಲಸ. ಅತ್ತೆಗೆ ನಮ್ಮ ಪಕ್ಕದ ಮನೆಯ ಅಕ್ಕನ ದನಿ, ಖಳನಾಯಕನಿಗೆ ಅಪ್ಪನ ದನಿ. ನಾಯಕನ ದನಿ ಮಾತ್ರ ನನ್ನದೇ. ಅವನು ಮಾತಾಡಿದಾಗಲೆಲ್ಲ ಅಜ್ಜಿಗೆ ಆಕಳಿಕೆ ಬರುತ್ತದೆ.

ಊರಲ್ಲಿ ನಾನು ಅಣಕಿಸದವರಿಲ್ಲ. ಒಂದು ಮದುವೆಯಲ್ಲಿ ಮದುಮಗನ ದನಿಯಲ್ಲಿ ಮಾತಾಡಿ, ಮದುಮಗಳ ಅಣ್ಣಂದಿರ ಕೈಗೆ ಸಿಕ್ಕಿ, ಊಟವಿಲ್ಲದೆ ಬಂದಿದ್ದೇನೆ.

ಕಳೆದ ಮಳೆಗಾಲದ ಆರಂಭದಲ್ಲಿ ಕೇಬಲ್ಲಿನವರು ಬಂದು, ನಾವಿರುವ ಮೇಲಿನ ಸಾಲಿನ ಮನೆಗಳ ಲೈನನ್ನು ಕಿತ್ತುಬಿಡುತ್ತೇವೆ ಎಂದರು. ಉಳಿದಿರುವುದು ಕೆಲವೇ ಮನೆ, ಪ್ರತಿ ಗಾಳಿಗೂ ತಂತಿ ಹರಿಯುತ್ತದೆ, ಸರಕಾರ ಕೊಡುವುದು ಅದಕ್ಕೆ ಸಾಲದು ಎಂದರು. ಡಿಷ್ ಹಾಕಿಸಿಕೊಳ್ಳಿ ಎಂಬ ಬುದ್ಧಿವಾದ ಬೇರೆ. ಡಿಷ್‌ನವನು ಬಂದೂ ನೋಡಿದ್ದ. ಡಿಷ್‌ಗೆ ದಕ್ಷಿಣದ ಆಕಾಶ ಕಾಣಬೇಕು. ನಮ್ಮ ಮನೆಯ ದಕ್ಷಿಣಕ್ಕೆ ಗುಡ್ಡ ಗೋಡೆಯ ಹಾಗೆ ನಿಂತಿದೆ. ಅವನು ಸೂರು ಹತ್ತಿ, ಕತ್ತೆತ್ತಿ ನೋಡಿ, ಚಹಾ ಕುಡಿದು ಹೋದ.

ಅಂದಿನಿಂದ ಮನೆಯಲ್ಲಿ ದಿನವೂ ವಾದ.

"ರೋಡ್ ಮಾಡ್ಲಿ, ನೀರು ಕೊಡ್ಲಿ. ಟಿವಿ ತೋರ್ಸೋದು ಸರಕಾರದ ಕೆಲ್ಸವಾ? ಅತ್ತೆ ಸೊಸೆ ಜಗಳಕ್ಕೂ ಸಬ್ಸಿಡಿನಾ?" ಎಂದು ಅಪ್ಪ.

ಪಕ್ಕದ ಮನೆಯ ಅಕ್ಕ ಈ ಬೆಟ್ಟದವರೇ ಆದ ಬಡಗರವರು. ನಮ್ಮೊಂದಿಗೆ ಮಾತಾಡುವಾಗ ತಮ್ಮ ಮಾತನ್ನು ತುಸು ಕನ್ನಡದ ಕಡೆಗೆ ಬಾಗಿಸುತ್ತಾರೆ. ಅಜ್ಜಿಯನ್ನು ಮಾತ್ರ ತಮ್ಮ ಮಾತಿನಲ್ಲೇ ಹೆತ್ತೆ ಎನ್ನುತ್ತಾರೆ. ಚಹಾ ತೋಟದಲ್ಲಿ ಎಲೆ ಕಿತ್ತು ಬಂದವರು, ಬುಟ್ಟಿಯನ್ನು ಬೆನ್ನಿನಿಂದ ಇಳಿಸದೆಯೇ ಕೇಳಿದರು, "ಗೊಬ್ಬರಕ್ಕೆ ಸಬ್ಸಿಡಿ ತಕ್ಕೊಂಡಾಗ ನಿಮಗೆ ನಾಚ್ಕೆ ಆಗಿಲ್ಲವಾ ಅಣ್ಣ?"

"ಅದು ಬೆಳೆಗೆ ಕನಮ್ಮ."

"ಇದು ಹೆತ್ತೆಗೆ."

ಅಪ್ಪ ಗಾಡಿಯ ಚಕ್ರ ಒದ್ದು ಗಾಳಿ ನೋಡಿದರು. ಇಬ್ಬರ ದನಿಯೂ ನನಗೆ ಬರುತ್ತದೆ. ಒಬ್ಬನೇ ಕೂತು ಇಡೀ ಜಗಳವನ್ನು ನಡೆಸಬಲ್ಲೆ. ನಿನಗೇನನ್ನಿಸುತ್ತದೆ ಎಂದು ಯಾರಾದರೂ ಕೇಳಿದರೆ ಮಾತ್ರ ಕಂಬ ನೋಡಲು ಹಿತ್ತಲಿಗೆ ಹೋಗುತ್ತೇನೆ.

ಗ್ರಾಮಸಭೆಗೆ ಊಟಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆಂದು ತಿಳಿಯಿತು. ಮೇಲಿನ ಸಾಲಿನ ಪರವಾಗಿ ಮಾತಾಡಲು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. "ಬಾಯಿ ಇರೋದು ಇವ್ನಿಗೇ" ಎಂದರು ಅಕ್ಕ. ಅಪ್ಪ ಮುಂಜಾನೆಯೇ ಮಂಡಿಗೆ ಇಳಿದಿದ್ದರು. ಹೊರಡುವಾಗ ಅಜ್ಜಿ ನನ್ನ ಕೊರಳಪಟ್ಟಿ ಸರಿಮಾಡಿ, "ನೆಟ್ಟಗೆ ಮಾತಾಡು ಮೊಗ. ಕುಣಿಬ್ಯಾಡ" ಎಂದಳು.

ಕುಣಿಯಬಾರದು ಎಂದೇ ಎದ್ದು ನಿಂತೆ. ನಮ್ಮ ಮೇಲಿನ ಸಾಲಿಗೆ ಗಾಳಿ ಜಾಸ್ತಿ ಸಾರ್ ಎಂದು ಶುರುಮಾಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಗಾಳಿಗೆ ಕಂಬ ತಬ್ಬಿಕೊಂಡು ದೇವರನ್ನು ಕರೆಯುವ ಕೇಬಲ್ಲಿನವನನ್ನು ತೋರಿಸಿದೆ. ಧಾರಾವಾಹಿಯಲ್ಲಿ ಸೊಸೆಗೆ ಹೊಡೆಯಲು ಎತ್ತಿದ ಕೈ ಸಿಗ್ನಲ್ ಹೋಗಿ ಗಾಳಿಯಲ್ಲೇ ನಿಂತುಬಿಟ್ಟ ಅತ್ತೆಯಾದೆ. ಸೂರಿನ ಮೇಲೆ ಆಕಾಶ ಹುಡುಕುವ ಡಿಷ್‌ನವನಾದೆ. ಸಭೆ ಹೊಟ್ಟೆ ಹಿಡಿದುಕೊಂಡಿತು. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ತಮಿಳಿನಲ್ಲಿ, "ತಂಬಿ, ನಿನ್ನಂಥವನು ಮನೆಯಲ್ಲಿರುವಾಗ ಟಿವಿ ಯಾಕೆ?" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈಮುಗಿದು ಬಾಗಿದೆ. ಬಾಗಿ ಏಳುವಷ್ಟರಲ್ಲಿ ಚರಂಡಿಯ ವಿಷಯ ಶುರುವಾಗಿತ್ತು. ಅಕ್ಕ ಮಾತ್ರ ನಕ್ಕಿರಲಿಲ್ಲ. ಅವರ ಮುಖ ನೋಡಲಾಗದೆ ಹೊರಬಿದ್ದು ಮನೆಯ ಏರು ಹತ್ತಿದೆ.

"ಆಪೀಸರು ಏನಂದ್ರು? ಅವ್ರಂಗೇ ಹೇಳು" ಎಂದಳು ಅಜ್ಜಿ.

ನಡೆದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. ಅಧಿಕಾರಿಯ ದನಿ ಮಾತ್ರ ಎದ್ದಿತು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿ, "ನೋಡಿ ಅಜ್ಜಿ, ಕೆಲವೇ ಮನೆಗಳಿಗಾಗಿ ಲೈನ್ ಓಡಿಸೋದು ಕಷ್ಟ" ಎಂದೆ.

ಅಜ್ಜಿ ನಗಲಿಲ್ಲ. ಸೆರಗನ್ನು ತಲೆಗೆಳೆದುಕೊಂಡು, ಗೋಡೆಗೆ ಕೈ ಕೊಟ್ಟು, ಎದ್ದು ಕೂತಳು.

"ಬುದ್ಧೀ, ಸಂಜೆ ಕೊನೇ ಬಸ್ಸು ನಮ್ಮ ತಿರುವಿಗೆ ಬತ್ತದಲ್ಲ, ಅದ್ರಲ್ಲಿ ಎಷ್ಟು ಜನ ಇರ್ತಾರೆ?"

"ಬಸ್ಸು ಬೇರೆ ಅಜ್ಜಿ. ಅದು ಅಗತ್ಯ" ಎಂದೆ, ಅದೇ ದನಿಯಲ್ಲಿ.

"ಹತ್ತೋರಿಗೆ ಅಗತ್ಯ ಬುದ್ಧಿ. ನನಗೆ ಹತ್ತಕಾಗಲ್ಲ. ಹತ್ತಕಾಗ್ದೋರಿಗೆ ಏನ್ ಬುಟ್ಟಿದ್ದೀರಿ?"

"ಪರಿಶೀಲಿಸ್ತೇವೆ."

"ಬಂದು ಪರಿಶೀಲ್ಸಿ. ಮಗ ಘಾಟೀಲಿ ಇರೋ ದಿನ ಬನ್ನಿ. ಇವತ್ತೂ ಅಲ್ಲೇ ಅವ್ನೆ."

ಅಧಿಕಾರಿಯ ಬಾಯಲ್ಲಿ ಮುಂದಿನ ಮಾತು ಹುಡುಕಿದೆ. ಆ ದನಿಯಲ್ಲಿ ಏನೂ ಇರಲಿಲ್ಲ.

"ಯಾಕ್ಲಾ ಸುಮ್ಕಾದೆ? ಎದ್ದೋದ್ರಾ?"

"ಇಲ್ಲಜ್ಜಿ. ಇನ್ನೂ ಕೆಳಗೇ ಅವ್ರೆ" ಎಂದೆ.

ಚಪ್ಪಲಿ ಮೆಟ್ಟುವುದನ್ನೂ ಮರೆತು ಇಳಿಜಾರಿನಲ್ಲಿ ಓಡಿದೆ. ಸಭೆ ಮುಗಿದಿತ್ತು. ಅಧಿಕಾರಿ ಪಂಚಾಯತಿಯ ಮುಂದೆ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಬಾ ತಂಬಿ, ಇನ್ನೊಂದು ಮಾಡು."

"ಮನೆಗೆ ಬನ್ನಿ ಸಾರ್" ಎಂದೆ.

ಅವರು ನಗಲು ಸಿದ್ಧವಾಗಿ ಕಾದರು. ಸುತ್ತ ನಿಂತವರೂ ಕಾದರು. ಮುಂದೆ ಏನೋ ತಮಾಷೆ ಬರುತ್ತದೆ ಎಂದು ನನ್ನ ಬಾಯಿಗೇ ಒಂದು ಕ್ಷಣ ಅನ್ನಿಸಿತು. ತುಟಿ ಕಚ್ಚಿಕೊಂಡು ಮತ್ತೆ ಅದನ್ನೇ ಹೇಳಿದೆ. "ಮನೆಗೆ ಬನ್ನಿ ಸಾರ್. ಎರಡೇ ತಿರುವು." ಗುಂಪಿನ ಹಿಂದಿನಿಂದ ಅಕ್ಕ, "ಅವನು ನಿಜವಾಗ್ಲೂ ಕರೀತಿದಾನೆ ಸಾರ್" ಎಂದರು. ಅಧಿಕಾರಿ ಲೋಟ ಕೆಳಗಿಟ್ಟರು.

ಏರಿನಲ್ಲಿ ಅವರ ಉಸಿರು ಸಿಕ್ಕಿಕೊಂಡಿತು. ಒಳಗೆ ಬಂದವರು ಮಂಚ ನೋಡಿದರು, ಟಿವಿ ನೋಡಿದರು, ಕಿಟಕಿಯ ತುಂಬ ನಿಂತಿದ್ದ ಗುಡ್ಡ ನೋಡಿದರು. ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. ಅಧಿಕಾರಿ ಕನ್ನಡಕ ಒರೆಸಿಕೊಂಡರು. ಕೊನೆಗೆ, ಈ ಮಳೆಗಾಲ ಮುಗಿಯುವವರೆಗೆ ಲೈನು ಕೀಳದಂತೆ ಕೇಬಲ್ಲಿನವರಿಗೆ ಹೇಳುತ್ತೇನೆ ಎಂದರು. ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

"ಆಮೇಲೆ ಬುದ್ಧಿ?" ಎಂದಳು ಅಜ್ಜಿ.

ಅದನ್ನು ತಮಿಳಿನಲ್ಲಿ ಕೇಳಿದೆ. ಅವರು ಗಡಿಯಾರ ನೋಡಿಕೊಂಡು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ನಾನು ನಿಂತಿದ್ದೆ, ಬರಿಗಾಲಲ್ಲಿ, ಸರಿಯದೆ.